ಒಲ್ಲೆ ಅಂದರೆ ಏನಾಗ್ತದ?

ವಿಜಯಪುರ ಜಿಲ್ಲೆಯ ಹೊನವಾಡದ ಕಡೆ ಬೇಸಿಗೆ ಎಂದರೆ ಮಣೂಕದ, ಅಂದರೆ ಒಣದ್ರಾಕ್ಷಿಯ ಹಂಗಾಮು. ತೋಟದಿಂದ ಬಂದ ದ್ರಾಕ್ಷಿಯನ್ನು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರವಿಬಿಟ್ಟರೆ ಮನುಷ್ಯರ ಕೆಲಸ ಮುಕ್ಕಾಲು ಮುಗಿದ ಹಾಗೆ. ಉಳಿದದ್ದನ್ನು ಬಿಸಿಗಾಳಿ ನೋಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಶೆಡ್ಡಿನ ನೆರಳಿಗೆ ನಾಲ್ಕು ಮಂದಿ ಕೂತರೆ ಮಾತು ಹನಿ ನೀರಾವರಿಯಿಂದ ಶುರುವಾಗಿ ಎಲ್ಲಿಗೆ ಬೇಕಾದರೂ ಹೋಗಬಹುದು. ಒಮ್ಮೆ ಸ್ವಾತಂತ್ರ್ಯಕ್ಕೆ ಹೋಯಿತು. ಒಬ್ಬ ಹಿರಿಯರು, "ಅದು ಮನಸಿನ್ಯಾಗ ಇರೂವಂಥಾದ್ದಪಾ. ಜೇಲಿನ್ಯಾಗ ಇದ್ದಾಂವಾ ಹಗುರ ಇರಬಹುದು, ವಾಡೇದಾಗ ಇದ್ದಾಂವಾ ಕೈದಿ ಆಗಿರಬಹುದು. ಅದನ್ನೇನ್ ತಕ್ಕಡಿಯಾಗ ಹಾಕಿ ತೂಗಾಕ ಬರ್ತದೇನು?" ಎಂದರು. ವಿಜಯಪುರದಲ್ಲಿ ಡಿಗ್ರಿ ಓದುವ ಹುಡುಗ ಬಿಡಲಿಲ್ಲ. "ಬರ್ತದ್ರಿ ಕಾಕಾ. ಯಾವ ದೇಶದಾಗ ಎಷ್ಟು ಸ್ವಾತಂತ್ರ್ಯ ಅದ ಅಂತ ವರ್ಷಾ ನೂರಕ್ಕ ಇಷ್ಟು ಅಂತ ಮಾರ್ಕ್ಸ್ ಕೊಡ್ತಾರ" ಎಂದು ಮೊಬೈಲು ಮುಂದೆ ಹಿಡಿದ.

ಹಿರಿಯರ ಮಾತು ಕಿವಿಗೆ ಹಿತ. ನಮ್ಮ ನೆಲದಲ್ಲಿ ಪುರಾಣ ಪ್ರವಚನ ಕೇಳಿ ಬೆಳೆದ ಯಾರಿಗಾದರೂ ಅದು ಸಹಜವಾಗಿಯೇ ಬರುತ್ತದೆ. ಆದರೂ ನನ್ನ ಒಲವು ಹುಡುಗನ ಕಡೆಗೆ ಹೋಯಿತು. ಆ ಚರ್ಚೆ ನಡೆದ ಶೆಡ್ಡಿನ ಇನ್ನೊಂದು ತುದಿಯಲ್ಲಿ ಹೆಂಗಸರು ಸಾಲಾಗಿ ಕೂತು, ಮೊದಲು ಒಣಗಿದ ಮಾಲಿನ ಕಡ್ಡಿ ಬಿಡಿಸುತ್ತಿದ್ದರು. ಕಪ್ಪಾದದ್ದು ಒಂದು ಕಡೆ, ಹಸಿರು ಉಳಿದದ್ದು ಒಂದು ಕಡೆ. ಸ್ವಾತಂತ್ರ್ಯ ಮನಸ್ಸಿನಲ್ಲಿದೆಯೋ ಹೊರಗಿದೆಯೋ ಎಂದು ಅವರನ್ನು ಯಾರೂ ಕೇಳಲಿಲ್ಲ. ಎಲ್ಲವೂ ಮನಸ್ಸಿನಲ್ಲೇ ಇದೆ ಎಂದು ಧೈರ್ಯವಾಗಿ ಹೇಳುವವರು ಬಹಳ ಸಲ ಬೀಗದ ಕೈ ತಮ್ಮ ಹತ್ತಿರವೇ ಇರುವವರು. ಹಿರಿಯರ ಮೇಲೆ ನನಗೆ ಗೌರವವಿದೆ, ಅವರು ಸಾಲ ಮಾಡಿ ನಾಲ್ಕು ಮಂದಿಗೆ ಅನ್ನ ಹಾಕಿದವರು. ಆದರೆ ಈ ಮಾತನ್ನು ಹಾಗೇ ಒಪ್ಪಿಕೊಳ್ಳಲು ನನ್ನಿಂದಾಗದು.

ಹುಡುಗ ತೋರಿಸಿದ ಅಂಕಪಟ್ಟಿ ಫ್ರೀಡಂ ಹೌಸ್ ಎಂಬ ಅಮೆರಿಕದ ಸಂಸ್ಥೆಯದು. 1941ರಲ್ಲಿ ಹುಟ್ಟಿದ ಸಂಸ್ಥೆ. 1970ರ ದಶಕದಿಂದ ವರ್ಷವರ್ಷವೂ ಜಗತ್ತಿನ ದೇಶಗಳ ಸ್ವಾತಂತ್ರ್ಯದ ಲೆಕ್ಕ ಹಾಕುತ್ತ ಬಂದಿದೆ. 25 ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ರಾಜಕೀಯ ಹಕ್ಕಿಗೆ 40, ನಾಗರಿಕ ಸ್ವಾತಂತ್ರ್ಯಕ್ಕೆ 60. 2021ರಲ್ಲಿ ಭಾರತಕ್ಕೆ 67 ಕೊಟ್ಟು, 'ಸ್ವತಂತ್ರ' ಎಂಬ ಸಾಲಿನಿಂದ 'ಭಾಗಶಃ ಸ್ವತಂತ್ರ' ಎಂಬ ಸಾಲಿಗೆ ಇಳಿಸಿದಾಗ ದೊಡ್ಡ ಗದ್ದಲವಾಯಿತು. ಕೇಂದ್ರ ಸರ್ಕಾರ ಆ ವರದಿ ದಾರಿ ತಪ್ಪಿಸುವಂಥದ್ದು ಎಂದು ತಿರಸ್ಕರಿಸಿತು. ಅಂಕ ಕೊಡುವವರು ಕೊನೆಗೂ ಮನುಷ್ಯರೇ. ವರದಿ ಓದಿ, ಸುದ್ದಿ ನೋಡಿ, ತಜ್ಞರು ಕೂತು ತೀರ್ಮಾನಿಸುತ್ತಾರೆ. ಹಾಗಾಗಿ ಆ ಅಂಕಿಯೊಳಗೂ ಅಭಿಪ್ರಾಯ ಸೇರಿಯೇ ಇರುತ್ತದೆ. ಆದರೆ ಅಂಕಕ್ಕಿಂತ ಅವರ ಪ್ರಶ್ನೆಗಳನ್ನು ಓದಬೇಕು. ಇರುವ ಊರು, ಮಾಡುವ ಕೆಲಸ, ಕಲಿಯುವ ಶಾಲೆ ಇವನ್ನು ಜನ ತಾವೇ ಬದಲಿಸಿಕೊಳ್ಳಬಹುದೇ? ಆಸ್ತಿ ಇಟ್ಟುಕೊಳ್ಳಬಹುದೇ? ಯಾರನ್ನು ಮದುವೆಯಾಗಬೇಕು, ಎಷ್ಟು ಮಕ್ಕಳು ಬೇಕು ಎಂಬುದು ಅವರ ಕೈಯಲ್ಲಿದೆಯೇ? ಇವು ವಾಷಿಂಗ್ಟನ್ನಿನ ಪ್ರಶ್ನೆಗಳಾದರೂ ತಿಕೋಟಾದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಬಹುದಾದಂಥವು. ತೊಂದರೆ ಇರುವುದು ಇನ್ನೊಂದು ಕಡೆ. ದೇಶಕ್ಕೆ ಕೊಟ್ಟ 67 ಮನೆಯೊಳಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದೇ ಛಾವಣಿಯ ಕೆಳಗೆ ಒಬ್ಬರದು 90, ಇನ್ನೊಬ್ಬರದು 20 ಇದ್ದೀತು.

ಅಳತೆ ಎಂದ ಕೂಡಲೇ ಮುಖ ಸಿಂಡರಿಸುವವರಿಗೆ ನಾನು ದ್ರಾಕ್ಷಿಯ ಮಾತನ್ನೇ ಹೇಳುತ್ತೇನೆ. ಹಣ್ಣಿನ ಸಿಹಿ ನಾಲಿಗೆಗೆ ಗೊತ್ತಾಗುವಂಥದು. ಒಬ್ಬೊಬ್ಬರ ನಾಲಿಗೆ ಒಂದೊಂದು ಥರ. ಹಾಗೆಂದು ಬ್ರಿಕ್ಸ್ ಮೀಟರ್ ಇಲ್ಲದೆ ಯಾವ ರೈತ ಮಣೂಕಕ್ಕೆ ಹಣ್ಣು ಕೊಯ್ಯುತ್ತಾನೆ? ಒಂದು ಹನಿ ರಸ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡುತ್ತಾನೆ, ಸಕ್ಕರೆ ಏರಿಲ್ಲದಿದ್ದರೆ ಇನ್ನೂ ನಾಲ್ಕು ದಿನ ತಡೆಯುತ್ತಾನೆ. ಆ ಮೀಟರಿಗೆ ರುಚಿ ಗೊತ್ತಿಲ್ಲ. ರುಚಿಗೆ ಆಧಾರವಾದ ಒಂದು ಸಂಗತಿ ಮಾತ್ರ ಗೊತ್ತು. ಆದರೆ ಆ ಒಂದು ಸಂಗತಿಯ ಬಗ್ಗೆ ಅದನ್ನು ಮೋಸ ಮಾಡಲು ಬರುವುದಿಲ್ಲ.

ಸ್ವಾತಂತ್ರ್ಯದಲ್ಲಿ ಅಂಥ ಒಂದು ಸಂಗತಿ ಯಾವುದು ಎಂಬುದೇ ಪ್ರಶ್ನೆ. ಮಾಡಲು ಬಿಟ್ಟ ಕೆಲಸಗಳನ್ನು ಎಣಿಸೋಣ ಎಂದರೆ ಸಾಲದು. ಕೆನಡಾದ ತತ್ವಜ್ಞಾನಿ ಚಾರ್ಲ್ಸ್ ಟೇಲರ್ 1979ರ ಒಂದು ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಆಗ ಅಲ್ಬೇನಿಯಾದಲ್ಲಿ ಕಮ್ಯುನಿಸ್ಟ್ ಆಡಳಿತ. 1967ರಲ್ಲೇ ಅಲ್ಲಿ ಧರ್ಮಾಚರಣೆಯನ್ನು ನಿಷೇಧಿಸಿದ್ದರು. ಆದರೆ ರಸ್ತೆಯಲ್ಲಿ ಟ್ರಾಫಿಕ್ ಸಿಗ್ನಲ್ ಲಂಡನ್ನಿಗಿಂತ ಬಹಳ ಕಡಿಮೆ. ದಿನಕ್ಕೆ ಎಷ್ಟು ಸಲ ಮನುಷ್ಯನನ್ನು ತಡೆದು ನಿಲ್ಲಿಸುತ್ತಾರೆ ಎಂದು ಬರೀ ಎಣಿಸಿದರೆ, ಸಿಗ್ನಲ್ಲಿಗೆ ನಿಂತು ನಿಂತು ಹೋಗುವ ಲಂಡನ್ನಿನವನಿಗಿಂತ ಗುಡಿಯ ಬಾಗಿಲು ಮುಚ್ಚಿಸಿಕೊಂಡ ಅಲ್ಬೇನಿಯಾದವನೇ ಹೆಚ್ಚು ಸ್ವತಂತ್ರ ಎಂದಾಗಿಬಿಡುತ್ತದೆ. ಯಾರೂ ಒಪ್ಪದ ಮಾತು ಅದು. ತಡೆಗಳ ಸಂಖ್ಯೆಗಿಂತ ಏನನ್ನು ತಡೆದರು ಎಂಬುದಕ್ಕೆ ತೂಕ ಹೆಚ್ಚು. ಆ ತೂಕ ಕಟ್ಟುವಾಗ ಬದುಕಿನಲ್ಲಿ ಯಾವುದು ದೊಡ್ಡದು ಎಂಬ ನಮ್ಮ ನಂಬಿಕೆ ಒಳಗೆ ಬಂದೇ ಬರುತ್ತದೆ.

ಇನ್ನು ಬಸ್ಸಿನ ಮಾತಿಗೆ ಬರುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಡೆ ಸ್ವಾತಂತ್ರ್ಯ ಕಣ್ಣಿಗೆ ಕಾಣುವ ಹಾಗೆ ಓಡಾಡಿದ್ದು ಬಸ್ಸಿನಲ್ಲೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ವಿಜಯಪುರ ಜಿಲ್ಲೆಯ ಬಸ್ಸುಗಳು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಸೇರಿದವು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ, ಹತ್ತಿದ ಊರು ಇಳಿಯುವ ಊರು ಒತ್ತಿ, ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾನೆ. ಆ ಚೀಟಿ ಲೆಕ್ಕಕ್ಕೆ ಬೇಕು, ಅದರ ಮೇಲೆಯೇ ನಿಗಮಕ್ಕೆ ಸರ್ಕಾರದಿಂದ ಹಣ ಬರಬೇಕು. 2025ರ ಜುಲೈ ಹೊತ್ತಿಗೆ ಅಂಥ ಚೀಟಿಗಳ ಸಂಖ್ಯೆ ರಾಜ್ಯದಲ್ಲಿ 500 ಕೋಟಿ ದಾಟಿತು. ಹೆಂಗಸರ ಓಡಾಟವನ್ನು ಇಷ್ಟು ಕಟ್ಟುನಿಟ್ಟಾಗಿ ಎಣಿಸಿದ ದಾಖಲೆ ನಮ್ಮಲ್ಲಿ ಹಿಂದೆಂದೂ ಇರಲಿಕ್ಕಿಲ್ಲ.

ಬೆಳಗಿನ ಬಸ್ಸು ಹತ್ತಿ ನೋಡಬೇಕು. ತಿಕೋಟಾ ಬರುವಷ್ಟರಲ್ಲಿ ಕೂರಲು ಜಾಗ ಇರುವುದಿಲ್ಲ. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆಯಲ್ಲ, 2003ರಲ್ಲಿ ಶುರುವಾದದ್ದು, ಅಲ್ಲಿಗೆ ಹೋಗುವ ಹುಡುಗಿಯರು ಎದೆಗೆ ಬ್ಯಾಗು ಅವಚಿಕೊಂಡು ಬಾಗಿಲ ತನಕ ನಿಂತಿರುತ್ತಾರೆ. ಒಬ್ಬ ಅಜ್ಜಿ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಸಂಚಿಯೊಳಗೆ, ಎಲೆ ಅಡಿಕೆಯ ಪಕ್ಕದಲ್ಲಿ ಇಟ್ಟುಕೊಂಡಳು. "ಎಲ್ಲಿಗೆ ಹೊಂಟೀಯಾ ಆಯಿ?" ಎಂದೆ. "ಮಗಳ ಮನೀಗೆ. ಮೊದಲ ಬಸ್ಸಿನ ರೊಕ್ಕಾ ಮಗನ್ನ ಕೇಳಬೇಕಾಗತಿತ್ತು. ಅಂವಾ ಇಲ್ಲಂತಿರಲಿಲ್ಲ ಖರೆ, ಆದ್ರ ಕೇಳೂದು ಕೇಳೂದ ಅಲ್ಲೇನಪಾ?" ಎಂದಳು. ಮಗ ಇಲ್ಲ ಎನ್ನುತ್ತಿರಲಿಲ್ಲ. ಅಂದಮೇಲೆ ಮೊದಲೂ ಅವಳು ಹೋಗುತ್ತಿದ್ದಳು, ಈಗಲೂ ಹೋಗುತ್ತಾಳೆ. ಪ್ರಯಾಣ ಎಣಿಸಿದರೆ ಎರಡೂ ಕಾಲಕ್ಕೆ ಲೆಕ್ಕ ಒಂದೇ ಬಂದೀತು. ಬದಲಾದದ್ದು ಒಂದೇ, ಕೇಳಬೇಕಾದ ಒಬ್ಬ ಮನುಷ್ಯ ಕಡಿಮೆಯಾದ. ನನಗೆ ಅಲ್ಲಿಂದಲೇ ಒಂದು ಜಾಡು ಸಿಕ್ಕಿತು. ಎಷ್ಟು ದೂರ ಹೋದರು ಎನ್ನುವುದಕ್ಕಿಂತ ಎಷ್ಟು ಜನರನ್ನು ಕೇಳಿ ಹೋಗಬೇಕಾಯಿತು ಎಂಬುದು ಹತ್ತಿರದ ಅಳತೆ.

ಗಡಿ ದಾಟಿದರೆ ಈ ಲೆಕ್ಕ ಬೇರೆಯಾಗುತ್ತದೆ ಎಂಬುದನ್ನು ಹೇಳಲೇಬೇಕು. ನಮ್ಮವರ ಬೀಗತನ ಅರ್ಧ ಜತ್ತ ತಾಲೂಕಿನಲ್ಲಿದೆ, ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡವೇ. ಮಹಾರಾಷ್ಟ್ರದ ಸರ್ಕಾರಿ ಬಸ್ಸು ಎಸ್‌ಟಿಯಲ್ಲಿ 2023ರ ಮಾರ್ಚ್‌ನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. ಅದೇ ಹೆಣ್ಣುಮಗಳು ತೊರವಿಗೆ ಹೋಗುವಾಗ ಯಾರನ್ನೂ ಕೇಳುವುದಿಲ್ಲ, ಜತ್ತದ ತವರಿಗೆ ಹೋಗುವಾಗ ಅರ್ಧ ಕೇಳುತ್ತಾಳೆ.

ಕೇಳಿ ಹೋಗಬೇಕೇ ಎಂಬ ಪ್ರಶ್ನೆಯನ್ನು ಸರ್ಕಾರವೇ ಕೇಳುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಬಂದು, 15ರಿಂದ 49 ವರ್ಷದ ಹೆಂಗಸರನ್ನು ಕೇಳುತ್ತಾರೆ: ಸಂತೆಗೆ, ದವಾಖಾನೆಗೆ, ಊರ ಹೊರಗೆ ಒಬ್ಬಳೇ ಹೋಗಲು ಬಿಡುತ್ತಾರೆಯೇ, ಯಾರಾದರೂ ಜೊತೆಗಿರಬೇಕೇ, ಬಿಡುವುದೇ ಇಲ್ಲವೇ? 2019-21ರ ಸಮೀಕ್ಷೆಯಲ್ಲಿ ಈ ಮೂರೂ ಕಡೆ ಒಬ್ಬಳೇ ಹೋಗಬಲ್ಲೆ ಎಂದವರು ಭಾರತದಲ್ಲಿ ನೂರಕ್ಕೆ 42. ತಾನೇ ಬಳಸುವ ಮೊಬೈಲ್ ಇದೆ ಎಂದವರು ನೂರಕ್ಕೆ 54. ಈ 42 ಎಂಬ ಅಂಕಿಯನ್ನು ನಾನು ಫ್ರೀಡಂ ಹೌಸಿನ 67ಕ್ಕಿಂತ ಹೆಚ್ಚು ನಂಬುತ್ತೇನೆ. ಇಲ್ಲಿ ತಜ್ಞರು ದೂರ ಕೂತು ಅಂಕ ಕೊಡುತ್ತಿಲ್ಲ. ಹೊಸ್ತಿಲ ಮೇಲೆ ನಿಂತ ಹೆಣ್ಣುಮಗಳೇ ಹೇಳುತ್ತಿದ್ದಾಳೆ. ಕೇಳಿದ್ದೂ "ನೀನು ಸ್ವತಂತ್ರಳೇ?" ಎಂಬ ದೊಡ್ಡ ಪ್ರಶ್ನೆಯನ್ನಲ್ಲ. ಸಂತೆಗೆ ಒಬ್ಬಳೇ ಹೋಗಬಹುದೇ ಎಂದಷ್ಟೇ.

ದೊಡ್ಡ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಮತ್ತೆ ಮತ್ತೆ ಹೇಳುವ ಒಂದು ಹಳೆಯ ಉದಾಹರಣೆ ಇದೆ. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ. ಮರುವರ್ಷ ಕಲ್ಕತ್ತೆಯ ಹತ್ತಿರದ ಸಿಂಗೂರಿನಲ್ಲಿ ವಿಧವೆಯರನ್ನೂ ವಿಧುರರನ್ನೂ ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳಿದರು. ಕಾಯಿಲೆ ಇದೆ, ಮೈ ಸರಿಯಿಲ್ಲ ಎಂದ ವಿಧುರರು ನೂರಕ್ಕೆ 48.5. ಹಾಗೆಂದ ವಿಧವೆಯರು ನೂರಕ್ಕೆ 2.5 ಮಾತ್ರ. ಆ ಕಾಲದ ಬಂಗಾಳದಲ್ಲಿ ಗಂಡ ಸತ್ತ ಹೆಂಗಸಿನ ತಟ್ಟೆಗೆ ಏನು ಬೀಳುತ್ತಿತ್ತು ಎಂದು ಬಲ್ಲವರು ಯಾರೂ ಅವಳ ಆರೋಗ್ಯ ಅವನಿಗಿಂತ ಚೆನ್ನಾಗಿತ್ತು ಎಂದು ನಂಬಲಾರರು. ತನ್ನ ಮೈ ಬಗ್ಗೆ ದೂರು ಹೇಳಿಕೊಳ್ಳಬಹುದು ಎಂಬುದೇ ಅವಳಿಗೆ ಯಾರೂ ಕಲಿಸದ ಸಂಗತಿಯಾಗಿತ್ತು. ಇದನ್ನು ಓದಿದ ಮೇಲೆ, "ನಮ್ಮ ಮನೀ ಹೆಣ್ಣುಮಕ್ಕಳಿಗೆ ಏನೂ ಕಮ್ಮಿಲ್ಲ, ಬೇಕಾದ್ರ ಅವರನ್ನ ಕೇಳ್ರಿ" ಎಂದು ಯಾರಾದರೂ ಹೇಳಿದರೆ ನನಗೆ ಸಮಾಧಾನವಾಗುವುದಿಲ್ಲ. ಬೇಲಿಯೊಳಗೇ ಬೆಳೆದವರು ಬೇಲಿಯನ್ನು ಅಂಗಳದ ಅಂಚು ಎಂದುಕೊಂಡುಬಿಡುತ್ತಾರೆ. ಅನಿಸಿಕೆಯನ್ನೇ ಅಳತೆ ಮಾಡಿಕೊಂಡರೆ, ಯಾರನ್ನು ಹೆಚ್ಚು ಅದುಮಿಟ್ಟಿದ್ದಾರೋ ಅವರೇ ಹೆಚ್ಚು ತೃಪ್ತರು ಎಂಬ ಲೆಕ್ಕ ಬರುತ್ತದೆ. ಆಕ್ಸ್‌ಫರ್ಡಿನ ಐಸಾಯಾ ಬರ್ಲಿನ್ 1958ರಲ್ಲಿ ಸ್ವಾತಂತ್ರ್ಯದ ಎರಡು ಬಗೆಗಳ ಮೇಲೆ ಮಾತಾಡುವಾಗ ಈ ಅಪಾಯವನ್ನೇ ಎತ್ತಿ ಹೇಳಿದ್ದರು: ಸಿಗದ್ದನ್ನು ಬಯಸುವುದನ್ನೇ ಬಿಟ್ಟವನನ್ನು ಸ್ವತಂತ್ರ ಎನ್ನುವುದಾದರೆ, ಜನರ ಆಸೆಯನ್ನು ಚಿವುಟಿದ ದೊರೆಯೂ ಅವರನ್ನು ಬಿಡುಗಡೆ ಮಾಡಿದೆ ಎನ್ನಬಹುದು.

ಇಷ್ಟು ಹೇಳುವಾಗ ನನ್ನೊಳಗೇ ಒಂದು ತಕರಾರು ಏಳುತ್ತದೆ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರನ್ನು ಕಂಡು, ಕೇಳಿ ಬೆಳೆದ ನೆಲ ಇದು. ಬಿಳಿ ಅಂಗಿ, ಅದಕ್ಕೆ ಕಿಸೆ ಇಲ್ಲ. ದುಡ್ಡು ಮುಟ್ಟುತ್ತಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಸನ್ಯಾಸಿಗೆ ಪ್ರಶಸ್ತಿ ಯಾತಕ್ಕೆ ಎಂದು ವಿನಯದಿಂದಲೇ ಒಪ್ಪಿಕೊಳ್ಳಲಿಲ್ಲ. ತಾನು ಹೋದ ಮೇಲೆ ಸ್ಮಾರಕ ಕಟ್ಟಬೇಡಿ, ದೇಹವನ್ನು ಅಗ್ನಿಗೆ ಕೊಡಿ ಎಂದು ಮೊದಲೇ ಬರೆದಿಟ್ಟಿದ್ದರು; 2023ರ ಜನವರಿ 2ರಂದು ತೀರಿಕೊಂಡಾಗ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಹಾಗೆಯೇ ನಡೆಯಿತು, ನಾಡಿಗೆ ನಾಡೇ ಬಂದು ನಿಂತಿತ್ತು. ಕಿಸೆಯಿಲ್ಲದ ಆ ಮನುಷ್ಯನಷ್ಟು ಸ್ವತಂತ್ರರನ್ನು ನಾನು ಕಂಡಿಲ್ಲ. ಯಾವ ಸೂಚ್ಯಂಕ ತಂದು ಅವರನ್ನು ಅಳೆಯುವುದು? ಹಾಗಾದರೆ ಶೆಡ್ಡಿನ ಹಿರಿಯರು ಹೇಳಿದ್ದೇ ನಿಜವೇ?

ಈ ತಕರಾರನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಕಿಸೆ ಇಲ್ಲದವರು ನಮ್ಮ ಊರುಗಳಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ವಾರವಿಡೀ ದ್ರಾಕ್ಷಿ ತೋಟದಲ್ಲಿ ದುಡಿದು, ಪಗಾರವನ್ನು ಗಂಡನ ಕೈಯಲ್ಲಿ ಎಣಿಸಿ ಕೊಡುವುದನ್ನು ನೋಡುತ್ತ ನಿಲ್ಲುವ ಹೆಣ್ಣುಮಗಳ ಸೆರಗಿನಲ್ಲೂ ದುಡ್ಡಿರುವುದಿಲ್ಲ. ಹೊರಗಿನಿಂದ ಇಬ್ಬರ ಸ್ಥಿತಿಯೂ ಒಂದೇ. ಏಕಾದಶಿ ದಿನ ಉಪವಾಸ ಇದ್ದವನೂ ಬರಗಾಲದಲ್ಲಿ ಹಸಿದವನೂ ತಿನ್ನದೇ ಇರುವುದು ಒಂದೇ ಥರ. ಸೇನ್ ಈ ವ್ಯತ್ಯಾಸವನ್ನು ತಮ್ಮ ಇಡೀ ವಾದದ ನಡುವೆ ಇಟ್ಟಿದ್ದಾರೆ. ಉಪವಾಸ ಇದ್ದವನು ಬಯಸಿದರೆ ಉಣ್ಣಬಹುದು. ಸ್ವಾಮೀಜಿಯವರು ಬಯಸಿದ್ದರೆ ಅಂಗಿಗೆ ಕಿಸೆ ಹೊಲಿಸಿಕೊಳ್ಳಬಹುದಿತ್ತು. ಮನಸ್ಸಿನ ಸ್ವಾತಂತ್ರ್ಯ ದೊಡ್ಡದೇ. ಅದು ಬೆಳೆಯಲು ಬೇಕಾದ ಬಾಗಿಲು ಮಾತ್ರ ಹೊರಗಡೆಯೇ ಇರುತ್ತದೆ, ಅದು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಯಾರು ಬೇಕಾದರೂ ನೋಡಿ ಹೇಳಬಹುದು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಮುನ್ನೂರು ವರ್ಷಗಳ ಹಿಂದೆಯೇ ಒಂದು ಕಥೆ ಹೇಳಿದ್ದ. ನಿದ್ದೆಯಲ್ಲಿದ್ದವನನ್ನು ಹೊತ್ತು ತಂದು, ಅವನು ಬಹಳ ದಿನದಿಂದ ನೋಡಬೇಕೆಂದಿದ್ದ ಗೆಳೆಯನಿರುವ ಕೋಣೆಯಲ್ಲಿ ಮಲಗಿಸಿ ಹೊರಗಿನಿಂದ ಚಿಲಕ ಹಾಕುತ್ತಾರೆ. ಎದ್ದವನು ಖುಷಿಯಿಂದ ಹರಟುತ್ತ ಕೂರುತ್ತಾನೆ, ಎದ್ದು ಹೋಗುವ ಮನಸ್ಸೇ ಇಲ್ಲ. ಅವನು ಇಷ್ಟಪಟ್ಟೇ ಅಲ್ಲಿದ್ದಾನೆ, ಆದರೂ ಸ್ವತಂತ್ರನಲ್ಲ. ಅವನಿಗೆ ಚಿಲಕದ ವಿಷಯ ಗೊತ್ತಾಗುವುದು ಹೊರಡಬೇಕು ಎನಿಸಿದ ಗಳಿಗೆಯಲ್ಲಿ.

ಚಿಲಕ ಹಾಕಿದವರೇ ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಕಾಲವೂ ನಮ್ಮ ಜಿಲ್ಲೆಯಲ್ಲಿ ಇತ್ತು. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಮುಂದೆ 1911ರ, 1924ರ ಕಾಯ್ದೆಗಳು ಅದನ್ನು ದೇಶದುದ್ದಕ್ಕೂ ಹರಡಿದವು. ಕೆಲವು ಜಾತಿಗಳಲ್ಲಿ ಹುಟ್ಟಿದರೆ ಸಾಕು, ಹುಟ್ಟಾ ಕಳ್ಳರು. ಮುಂಬೈ ಪ್ರಾಂತದಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಅವರಿಗೆಂದು ಸೆಟ್ಲ್‌ಮೆಂಟುಗಳಾದವು. ಹುಬ್ಬಳ್ಳಿ, ಗದಗಗಳಲ್ಲಿ ಆ ಓಣಿಗಳಿಗೆ ಇವತ್ತಿಗೂ ಅದೇ ಹೆಸರು. ಅಲ್ಲಿದ್ದವರು ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕು. ಹೊರಗೆ ಹೋಗಲು ಪಾಸು ಬೇಕು, ಪಾಸಿನಲ್ಲಿ ಬರೆದ ಊರಿಗೇ ಹೋಗಬೇಕು, ಬರೆದ ಹೊತ್ತಿಗೇ ಬರಬೇಕು. ತಪ್ಪಿದರೆ ಜೈಲು. ಗಿರಣಿಯಲ್ಲಿ ಕೆಲಸ, ಮಕ್ಕಳಿಗೆ ಶಾಲೆ, ಮಲಗಲು ಮನೆ ಎಲ್ಲ ಇತ್ತು. ಅಲ್ಲಿನ ಅಧಿಕಾರಿಗಳು ಸುಧಾರಣೆಯ ವರದಿಗಳನ್ನು ಬಹಳ ಹೆಮ್ಮೆಯಿಂದ ಬರೆದರು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ದೇಶ ಬಿಡುಗಡೆಯಾಗಿ ಐದು ವರ್ಷವಾದ ಮೇಲೆ. ಸ್ವಾತಂತ್ರ್ಯವನ್ನು ಅಳೆಯಲು ಬರುವುದಿಲ್ಲ ಎನ್ನುವವರಿಗೆ ನಾನು ಆ ಹಾಜರಿ ಪುಸ್ತಕವನ್ನು ತೋರಿಸಬೇಕೆನ್ನುತ್ತೇನೆ. ಇಲ್ಲದಿರುವ ಸ್ವಾತಂತ್ರ್ಯವನ್ನು ಗಂಟೆ ಮೈಲಿಗಳ ಲೆಕ್ಕದಲ್ಲಿ ಅಷ್ಟು ಕರಾರುವಾಕ್ಕಾಗಿ ಅಳೆದಿದ್ದರು. ಆ ಜಾತಿಗಳ ಮಕ್ಕಳು ಮೊಮ್ಮಕ್ಕಳು ಊರಲ್ಲಿ ಕಳವಾದಾಗ ಮೊದಲು ಪೊಲೀಸರು ತಮ್ಮ ಬಾಗಿಲನ್ನೇ ತಟ್ಟುತ್ತಾರೆ ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ.

ಈಗ ಪಾಸು ಇಲ್ಲ, ಅಡ್ವಾನ್ಸ್ ಇದೆ. ದಸರೆ ಮುಗಿಯುತ್ತಿದ್ದಂತೆ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಗ್ಯಾಂಗು ಕಟ್ಟುವ ಮುಕಾದಮ ಮೊದಲೇ ರೊಕ್ಕ ಕೊಟ್ಟಿರುತ್ತಾನೆ. ಮದುವೆಗೋ ದವಾಖಾನೆಗೋ ಅದು ಮಳೆಗಾಲದಲ್ಲೇ ಖರ್ಚಾಗಿರುತ್ತದೆ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಕುಡುಗೋಲು; ಲೆಕ್ಕದಲ್ಲಿ ಅವಳು ಬೇರೆ ಮನುಷ್ಯಳಾಗಿ ಬರುವುದೇ ಇಲ್ಲ. ಅವರನ್ನು ಯಾರೂ ಹಗ್ಗ ಹಾಕಿ ಎಳೆದೊಯ್ಯುವುದಿಲ್ಲ. ಸ್ವಂತ ಇಚ್ಛೆಯಿಂದ ಟ್ರ್ಯಾಕ್ಟರ್ ಹತ್ತುತ್ತಾರೆ, ಮಕ್ಕಳಿಗೆ ಹೊಸ ಅಂಗಿ ಹಾಕಿರುತ್ತಾರೆ. ಎಲ್ಲವೂ ಸುಗಮವಾಗಿ ನಡೆದ ವರ್ಷ ಚಿಲಕ ಕಾಣುವುದಿಲ್ಲ. ಬಾಣಂತಿತನ ಬಂತು, ಜ್ವರ ಬಂತು, ಈ ವರ್ಷ ಆಗದು ಎಂದ ದಿನ ಕಾಣುತ್ತದೆ. 2025ರ ಜನವರಿಯಲ್ಲಿ ವಿಜಯಪುರ ನಗರದ ಒಂದು ಇಟ್ಟಂಗಿ ಭಟ್ಟಿಯಲ್ಲಿ, ಸಂಕ್ರಮಣಕ್ಕೆ ಊರಿಗೆ ಹೋಗಿ ಬಂದ ಕೂಲಿಕಾರರನ್ನು ಅಡ್ವಾನ್ಸ್ ವಿಚಾರವಾಗಿ ಪೈಪಿನಿಂದ ಹೊಡೆದ ವಿಡಿಯೊವನ್ನು ರಾಜ್ಯವೆಲ್ಲ ನೋಡಿತು. ಹಬ್ಬದ ಹಿಂದಿನ ದಿನ ಆ ಕೂಲಿಕಾರರನ್ನು ಯಾರಾದರೂ ಸಮೀಕ್ಷೆಗೆಂದು ಮಾತಾಡಿಸಿದ್ದರೆ, ಹೌದ್ರಿ, ನಾವಾಗೇ ಕೆಲಸಕ್ಕ ಬಂದೀವಿ ಎನ್ನುತ್ತಿದ್ದರೋ ಏನೋ. ಸುಳ್ಳೂ ಆಗುತ್ತಿರಲಿಲ್ಲ.

ಈ ವಿಷಯದಲ್ಲಿ ತತ್ವಜ್ಞಾನಿಗಳಿಗಿಂತ ನಮ್ಮ ಕಾನೂನು ಸ್ಪಷ್ಟವಾಗಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತಗಾರನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದಿಲ್ಲ. ಮುಂಗಡ ಪಡೆದಿದ್ದಾನೆಯೇ, ಅದರಿಂದಾಗಿ ಬೇರೆ ಕೆಲಸ ಹಿಡಿಯುವ ಹಕ್ಕು ಹೋಯಿತೇ, ದೇಶದಲ್ಲಿ ಬೇಕಾದ ಕಡೆ ಓಡಾಡುವ ಹಕ್ಕು ಹೋಯಿತೇ, ತನ್ನ ದುಡಿಮೆಯನ್ನು ಮಾರ್ಕೆಟ್ ಬೆಲೆಗೆ ಮಾರುವ ಹಕ್ಕು ಹೋಯಿತೇ, ಇಷ್ಟನ್ನೇ ನೋಡುತ್ತದೆ. ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. 1982ರಲ್ಲಿ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡಗಳ ಕೂಲಿಕಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ಯಾರಾದರೂ ದುಡಿಯುತ್ತಿದ್ದರೆ ಅದು ಬಲವಂತದ ದುಡಿಮೆಯೇ, ಹಸಿವೂ ಬಡತನವೂ ಕೂಡ ಬಲವಂತವೇ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿ ಬರೆದರು. ಒಪ್ಪಿ ಬಂದಿದ್ದಾನಲ್ಲ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಒಪ್ಪಿದ್ದನ್ನು ನೋಡಬೇಡಿ, ಒಪ್ಪದೇ ಇದ್ದಿದ್ದರೆ ಅವನಿಗೆ ಏನು ಉಳಿಯುತ್ತಿತ್ತು ಎಂಬುದನ್ನು ನೋಡಿ ಎಂದು ಅದರ ಅರ್ಥ.

ಇದನ್ನೇ ನಾನು ನನ್ನ ಭಾಷೆಯಲ್ಲಿ ಹೇಳುವುದಾದರೆ, ಒಲ್ಲೆ ಅಂದರೆ ಏನಾಗ್ತದ ಎಂದು ಕೇಳಬೇಕು. ಅದೇ ನನ್ನ ಬ್ರಿಕ್ಸ್ ಮೀಟರು. ಕೆಲಸ ಒಲ್ಲೆ ಎಂದರೆ ಪೈಪಿನ ಏಟು ಬೀಳುತ್ತದೆಯೋ, ನಾಳಿನ ಊಟ ತಪ್ಪುತ್ತದೆಯೋ, ಬರೀ ಮಾಲಿಕನ ಮುಖ ಸಣ್ಣದಾಗುತ್ತದೆ ಅಷ್ಟೆಯೋ? ಈ ವರ ಒಲ್ಲೆ ಎಂದರೆ ಅಪ್ಪ ಇನ್ನೊಂದು ವರ ನೋಡುತ್ತಾನೋ, ಕಾಲೇಜು ಬಿಡಿಸುತ್ತಾನೋ, ಇನ್ನೇನಾದರೂ ಆಗುತ್ತದೆಯೋ? ಪಂಚಾಯ್ತಿ ಸದಸ್ಯೆ ಇಲ್ಲಿ ಸಹಿ ಹಾಕಲು ಒಲ್ಲೆ ಎಂದರೆ ಮನೆಯಲ್ಲಿ ರಾತ್ರಿ ಏನು ನಡೆಯುತ್ತದೆ? ಈ ಬೆಲೆಯನ್ನು ಹೊರಗಿನಿಂದ ನೋಡಿ ಹೇಳಬಹುದು. ರೂಪಾಯಿಯಲ್ಲಿ, ದಿನಗಳಲ್ಲಿ, ಏಟಿನಲ್ಲಿ, ಮಾತು ಬಿಟ್ಟ ವರ್ಷಗಳಲ್ಲಿ. ಎರಡು ಮನೆಗಳನ್ನು ಪಕ್ಕಪಕ್ಕ ಇಟ್ಟು ಇಲ್ಲಿ ಬೆಲೆ ಹೆಚ್ಚು, ಅಲ್ಲಿ ಕಡಿಮೆ ಎನ್ನಲು ತಜ್ಞರು ಬೇಡ, ಓಣಿಯ ಯಾವ ಹೆಣ್ಣುಮಗಳಾದರೂ ಹೇಳುತ್ತಾಳೆ.

ತೊರವಿಯ ವಿಶ್ವವಿದ್ಯಾಲಯಕ್ಕೆ ಇಟ್ಟಿರುವ ಹೆಸರು ಆ ಬೆಲೆಯನ್ನು ಪೂರ್ತಿ ತೆತ್ತವಳದು. ಹರಿಹರನ ರಗಳೆಯಲ್ಲಿ ಅಕ್ಕ ದೊರೆ ಕೌಶಿಕನನ್ನು ಷರತ್ತು ಹಾಕಿಯೇ ಒಪ್ಪುತ್ತಾಳೆ; ಅವನು ಷರತ್ತು ಮುರಿದಾಗ ಅರಮನೆ, ಒಡವೆ, ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟುಬಿಡುತ್ತಾಳೆ. ಎಂಟು ಶತಮಾನ ಕಳೆದರೂ ಆ ಹೆಸರು ಹೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಒಲ್ಲೆ ಎನ್ನಲು ಒಬ್ಬ ಹೆಣ್ಣುಮಗಳು ಅಕ್ಕನೇ ಆಗಬೇಕೆಂದರೆ ಆ ಊರು ಅಳತೆಯಲ್ಲಿ ಬಹಳ ಕೆಳಗಿದೆ ಎಂದೇ ನಾನು ಬರೆದುಕೊಳ್ಳುತ್ತೇನೆ. ಅಕ್ಕನ ಒಳಗಿನ ಬಿಡುಗಡೆ ಅಳತೆಗೆ ಸಿಗದು. ಅವಳಿಂದ ಕೌಶಿಕನ ಊರು ವಸೂಲು ಮಾಡಿದ ಬೆಲೆ ಸಿಗುತ್ತದೆ.

ಈ ಅಳತೆಗೆ ಸಿಗದ್ದು ಇನ್ನೂ ಇದೆ, ಮುಚ್ಚಿಡುವುದು ಬೇಡ. ಹೆದರಿಕೆಯಿಂದ ಸುಮ್ಮನಿರುವವಳನ್ನೂ ಪ್ರೀತಿಯಿಂದ ಸುಮ್ಮನಿರುವವಳನ್ನೂ ಬೇರೆ ಮಾಡಿ ನೋಡುವುದು ಕಷ್ಟ. ತಾಯಿಯ ಕಣ್ಣೀರು ಕೂಡ ಒಂದು ಬೆಲೆಯೇ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಪರಸ್ಪರ ಹಂಗಿಲ್ಲದ ಸಂಸಾರವನ್ನು ಸಂಸಾರ ಎನ್ನಲಿಕ್ಕೂ ಆಗದು. ಹಂಗು ಪೂರಾ ಇಲ್ಲದ ಬದುಕನ್ನು ನಾನು ಯಾರಿಗೂ ಹಾರೈಸಲಾರೆ. ಆದರೆ ಹಂಗು ಎರಡೂ ಕಡೆ ಇದೆಯೇ ಎಂದು ನೋಡಬಹುದು. ಸೊಸೆ ಒಲ್ಲೆ ಎಂದರೂ ಮನೆ ನಡೆಯುತ್ತದೆ, ಮಗ ಒಲ್ಲೆ ಎಂದರೂ ಮನೆ ನಡೆಯುತ್ತದೆ ಎನ್ನುವ ಹಾಗಿದ್ದರೆ ಅಲ್ಲಿ ನಾನು ಮೀಟರು ಹಿಡಿಯಲು ಹೋಗುವುದಿಲ್ಲ.

ವರ್ಷವರ್ಷವೂ ಗ್ರಾಮಸಭೆ ಆಗುತ್ತದೆ, ಮಹಿಳಾ ಗ್ರಾಮಸಭೆ ಎಂದು ಬೇರೆಯೂ ಮಾಡುತ್ತಾರೆ. ಗಟಾರ, ಬೀದಿದೀಪ, ನಳದ ನೀರಿನ ಮಾತು ಬರುತ್ತದೆ. ಬರಲಿ, ಅವೂ ಬೇಕು; ನಲ್ಲಿ ಮುಂದೆ ಕೊಡ ಹಿಡಿದು ಕಳೆದ ಗಂಟೆಗಳೂ ಯಾರದೋ ಸ್ವಾತಂತ್ರ್ಯದಿಂದ ಕಡಿದು ತೆಗೆದವೇ. ಹೊನವಾಡದಂಥ ಊರಿನಲ್ಲಿ ಅದೇ ಸಭೆಯಲ್ಲಿ ಇನ್ನೂ ನಾಲ್ಕಾರು ಪ್ರಶ್ನೆ ಕೇಳಿ ಬರೆದಿಟ್ಟುಕೊಳ್ಳಬಹುದು. ನಿಮ್ಮ ಹೆಸರಿನಲ್ಲಿ ಹೊಲದ ಉತಾರಿ (ಪಹಣಿ) ಇದೆಯೇ? ಪಗಾರ ನಿಮ್ಮ ಕೈಗೇ ಬರುತ್ತದೆಯೇ? ದವಾಖಾನೆಗೆ ಹೋಗಲು ಯಾರನ್ನು ಕೇಳಬೇಕು? ನಿಮ್ಮ ಮನೆಯಲ್ಲಿ ಯಾರಾದರೂ ಅಡ್ವಾನ್ಸ್ ತೆಗೆದುಕೊಂಡಿದ್ದಾರೆಯೇ, ಹೋಗಲು ಒಲ್ಲೆ ಎಂದರೆ ಅದನ್ನು ಹೇಗೆ ತೀರಿಸುತ್ತೀರಿ? ಐದು ವರ್ಷ ಬಿಟ್ಟು ಅದೇ ಪ್ರಶ್ನೆ ಅದೇ ಮನೆಗಳಿಗೆ ಕೇಳಿದರೆ ಊರು ಯಾವ ಕಡೆ ಸರಿದಿದೆ ಎಂಬುದು ಊರಿಗೇ ತಿಳಿಯುತ್ತದೆ. ಆ ಕೊನೆಯ ಪ್ರಶ್ನೆಯನ್ನು ಮಾತ್ರ ದಸರೆಗೆ ಮುಂಚೆಯೇ ಕೇಳಬೇಕು. ಗ್ಯಾಂಗುಗಳು ಹೊರಟ ಮೇಲೆ ಉತ್ತರ ಹೇಳಬೇಕಾದವರು ಊರಿನಲ್ಲಿ ಇರುವುದಿಲ್ಲ.